ಮೂರು ಗುಡ್ಡಗಳ ನಡುವಿನ ದಟ್ಟಣೆ

ಕಳೆದ ತಿಂಗಳು ಕಚೇರಿಯ ಕೆಲಸಕ್ಕೆಂದು ಯಾದಗಿರಿಗೆ ಹೋಗಿದ್ದೆ. ರೈಲಿನಿಂದ ಇಳಿದು ಸ್ಟೇಷನ್ನಿನ ಹೊರಗೆ ಬಂದಾಗ ಆಗಷ್ಟೇ ಮಳೆ ನಿಂತಿತ್ತು. ಎದುರಿನ ತಳ್ಳುಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದ ಎಣ್ಣೆಯ ವಾಸನೆ, ನೆನೆದ ಎರೆಮಣ್ಣಿನ ವಾಸನೆ, ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಕಾದುಹೋದ ಇನ್ವರ್ಟರ್ ಬ್ಯಾಟರಿಯ ಹುಳಿ ವಾಸನೆ. ಬೇರೆ ಬೇರೆಯಾಗಿ ಬಂದಿದ್ದರೆ ಏನೂ ಅನ್ನಿಸುತ್ತಿರಲಿಲ್ಲವೇನೋ. ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಬ್ಯಾಗು ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಏಳೆಂಟು ವರ್ಷಗಳ ಹಿಂದೆ ಒಂದು ಮಳೆಗಾಲ ಪೂರ್ತಿ ನಾನು ಉಸಿರಾಡಿದ್ದು ಇದೇ ಗಾಳಿಯನ್ನು.

ಆಗ ನನಗೆ ಇಪ್ಪತ್ತಾರು ವರ್ಷ. ಚಿತ್ರದುರ್ಗದವಳು. ಎಲೆಕ್ಟ್ರಾನಿಕ್ಸ್ ಓದಿ, ಇಂಟರ್ನೆಟ್ ಸಂಪರ್ಕ ಕೊಡುವ ಒಂದು ಸಣ್ಣ ಕಂಪನಿ ಸೇರಿದ್ದೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಜಾಲವನ್ನು ನೋಡಿಕೊಳ್ಳಲು ನನ್ನನ್ನು ಹಾಕಿದರು. ಜೊತೆಗಿದ್ದವರು ಖಾಜಾಸಾಬ್. ಶಹಾಪುರದ ಹತ್ತಿರದ ಗೋಗಿ ಊರಿನವರು, ಐವತ್ತು ದಾಟಿದವರು. ಕೇಬಲ್ ಎಳೆಯುವುದರಿಂದ ಹಿಡಿದು ಟವರ್ ಹತ್ತುವವರೆಗೆ ಮೈ ಬಗ್ಗಿಸಿ ಮಾಡುವ ಕೆಲಸವೆಲ್ಲ ಅವರದು. ಮೊದಲ ದಿನವೇ ನನ್ನ ಮುಖ ನೋಡಿ ಏನು ಅನ್ನಿಸಿತೋ, ಚಹಾ ತರಿಸಿಕೊಟ್ಟು ಹೇಳಿದರು:

"ಮೇಡಂರಿ, ನಮ್ಮ ಕಡಿ ಮಂದಿ ಜೋರ್ ಮಾತಾಡ್ತಾರ. ಅದು ಸಿಟ್ಟಲ್ರಿ, ನಮ್ಮ ಮಾತೇ ಹಂಗ. ಖರೇ ಸಿಟ್ಟು ಬಂದ್ರ ದನಿ ಸಣ್ಣದಾಗತದ. ಅಂಥೋರು ಬಂದ್ರ ಅಂಜ್ರಿ."

ಎರಡು ತಿಂಗಳು ಜೋರು ದನಿಯವರೇ ಬಂದರು. ಶಹಾಪುರದ ಬೀಜದಂಗಡಿಯವರು, ಸುರಪುರದ ಬಟ್ಟೆ ಅಂಗಡಿಯವರು, ರೇಷನ್ ಅಂಗಡಿಯವರು. ನಾನು ನಗುವುದನ್ನು ಕಲಿತೆ. ಬೆಳಿಗ್ಗೆ ಸುಸಲಾ ಮಿರ್ಚಿ, ಮಧ್ಯಾಹ್ನ ಖಾನಾವಳಿಯ ರೊಟ್ಟಿ, ಪುಂಡಿಪಲ್ಯ. ಹೀಗೇ ಎರಡು ವರ್ಷ ಕಳೆದು ವರ್ಗ ಮಾಡಿಸಿಕೊಂಡು ಹೋಗಿಬಿಡಬಹುದು ಅಂದುಕೊಂಡಿದ್ದೆ.

ಆ ಆಗಸ್ಟಿನಲ್ಲಿ ಭೀಮಾ ನದಿ ತುಂಬಿ ಬಂತು. ಇಲ್ಲಿ ಮಳೆ ಅಷ್ಟೇನೂ ಇರಲಿಲ್ಲ. ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವ ಸೇತುವೆಯ ಮಗ್ಗುಲಲ್ಲಿ ಕೊಳವೆಯೊಳಗೆ ನಮ್ಮ ಫೈಬರ್ ಎಳೆ ಹೋಗಿತ್ತು. ಒಂದು ಬೆಳಿಗ್ಗೆ ಹೊಳೆಯಲ್ಲಿ ತೇಲಿಬಂದ ದೊಡ್ಡ ಬೇವಿನ ಮರವೊಂದು ಆ ಕೊಳವೆಗೆ ಸಿಕ್ಕಿಕೊಂಡು, ಅದನ್ನು ಕಿತ್ತುಕೊಂಡೇ ಹೋಯಿತು. ಶಹಾಪುರ, ಸುರಪುರ ಎರಡೂ ಕತ್ತಲಾದವು. ನೀರು ಪೂರ್ತಿ ಇಳಿದು, ಸೇತುವೆಯ ತಪಾಸಣೆ ಮುಗಿದು, ಹೊಸ ಕೊಳವೆ ಹಾಕಲು ಅನುಮತಿ ಸಿಗುವವರೆಗೆ ಏನೂ ಮಾಡುವಂತಿರಲಿಲ್ಲ.

ಮೂರೂ ಊರುಗಳಿಗೆ ಗುಡ್ಡಗಳಿರುವುದು ನಮ್ಮನ್ನು ಉಳಿಸಿತು. ಯಾದಗಿರಿಯ ಕೋಟೆಗುಡ್ಡದ ಪಕ್ಕದಿಂದ ಶಹಾಪುರದ ಗುಡ್ಡಕ್ಕೆ, ಅಲ್ಲಿಂದ ಸುರಪುರದ ಗುಡ್ಡಕ್ಕೆ ರೇಡಿಯೊ ಸಂಪರ್ಕ ಹಾಕಿದೆವು. ಖಾಜಾಸಾಬ್ ಮೂರು ದಿನ ಗುಡ್ಡದ ಮೇಲೇ ಇದ್ದರು. ಸೇತುವೆ ಒಮ್ಮೆ ತೆರೆದು ಒಮ್ಮೆ ಮುಚ್ಚುತ್ತಿದ್ದರಿಂದ ನಾನು ಶಹಾಪುರದಲ್ಲೇ ಒಂದು ಕೋಣೆ ಹಿಡಿದೆ. ನಾಲ್ಕನೆಯ ದಿನ ಎರಡೂ ಊರುಗಳಿಗೆ ಜೀವ ಬಂತು. ಆದರೆ ಆ ರೇಡಿಯೊ ದಾರಿ ಫೈಬರಿನ ಹತ್ತನೆಯ ಒಂದು ಪಾಲಿನಷ್ಟೂ ಅಗಲ ಇರಲಿಲ್ಲ. ಮಳೆ ಬಂದರೆ ಇನ್ನೂ ಕಿರಿದಾಗುತ್ತಿತ್ತು. ದೊಡ್ಡ ರಸ್ತೆಯ ಸಂಚಾರವನ್ನೆಲ್ಲ ಒಂದು ಓಣಿಗೆ ತಿರುಗಿಸಿದ ಹಾಗೆ.

ಓದುವವರಿಗೆ ಇಲ್ಲೊಂದು ಮಾತು ಹೇಳಿಬಿಡಬೇಕು. ಜಾಲದಲ್ಲಿ ಹೋಗುವುದೆಲ್ಲ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ನಾವು ಪ್ಯಾಕೆಟ್ ಅನ್ನುತ್ತೇವೆ. ದಾರಿ ಕಿರಿದಾದರೆ ಪ್ಯಾಕೆಟ್ಟುಗಳು ಸರದಿಯಲ್ಲಿ ನಿಲ್ಲುತ್ತವೆ. ನಿಲ್ಲುವ ಜಾಗ ತುಂಬಿದರೆ ಆಮೇಲೆ ಬಂದವು ಬಿದ್ದುಹೋಗುತ್ತವೆ. ತಾನು ಕಳಿಸಿದ್ದು ಬಿದ್ದುಹೋಯಿತು ಎಂದು ಗೊತ್ತಾದ ಕಂಪ್ಯೂಟರು ತನ್ನ ವೇಗವನ್ನು ತಟ್ಟನೆ ಇಳಿಸುತ್ತದೆ, ಬೀಳದಿದ್ದರೆ ಮೆಲ್ಲಗೆ ಏರಿಸುತ್ತದೆ. ಯಾರೂ ಹೇಳದೆ ನಡೆಯುವ ಈ ಸಂಯಮದ ಮೇಲೆಯೇ ಇಡೀ ಇಂಟರ್ನೆಟ್ ನಿಂತಿದೆ.

ಸರದಿ ತುಂಬಿ ಎಲ್ಲವೂ ಬೀಳತೊಡಗಿದಾಗ ಬೆಂಗಳೂರಿನಲ್ಲಿದ್ದ ನನ್ನ ಮೇಲಧಿಕಾರಿ, ನಿಲ್ಲುವ ಜಾಗವನ್ನು ದೊಡ್ಡದು ಮಾಡು ಅಂದರು. ಮಾಡಿದೆ. ಬೀಳುವುದು ನಿಂತಿತು, ಆದರೆ ಎಲ್ಲವೂ ತಡವಾಯಿತು. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿದ ಅಜ್ಜಿಗೆ ಉತ್ತರ ಬರುವಷ್ಟರಲ್ಲಿ ಯಂತ್ರವೇ ಬೇಸತ್ತು ಮತ್ತೊಮ್ಮೆ ಬೆರಳು ಕೇಳುತ್ತಿತ್ತು. ಆಗ ನಾನೇ ಒಂದು ನಿಯಮ ಬರೆದೆ: ಸರದಿ ಇಷ್ಟು ಉದ್ದವಾದ ಕೂಡಲೇ ಹೊಸದಾಗಿ ಬಂದದ್ದನ್ನೆಲ್ಲ ಬೀಳಿಸು. ಅದು ಇನ್ನೂ ಕೆಟ್ಟದಾಯಿತು. ಒಂದು ಗಳಿಗೆ ಎಲ್ಲ ಚೆನ್ನಾಗಿ, ಮರುಗಳಿಗೆ ಎಲ್ಲ ಸತ್ತ ಹಾಗೆ.

ಸುರಪುರದಲ್ಲಿ ನಮ್ಮ ಪೆಟ್ಟಿಗೆಗಳಿದ್ದದ್ದು ಒಂದು ಡಿಪ್ಲೊಮಾ ಕಾಲೇಜಿನ ಮಹಡಿಯ ಕೋಣೆಯಲ್ಲಿ. ಒಂದು ಮಧ್ಯಾಹ್ನ ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸರದಿಯ ಉದ್ದ ಏರಿಳಿಯುವ ಗ್ರಾಫ್ ನೋಡುತ್ತ ಕೂತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಕೈತುಂಬ ಸೀಮೆಸುಣ್ಣದ ಪುಡಿ. ಆ ಕಾಲೇಜಿನ ಉಪನ್ಯಾಸಕಿ ಮಹಾದೇವಿ ಮೇಡಂ. ಬೈಯಲು ಬಂದಿರಬೇಕು, ಆದರೆ ಪರದೆ ನೋಡಿದವರು ಬೈಯುವುದನ್ನೇ ಮರೆತರು.

"ಇದೇನ್ರಿ ಇದು? ಎಷ್ಟೊತ್ತಿಗೊಮ್ಮೆ ಏರತದ?"

"ಹಾಗೇನಿಲ್ಲ ಮೇಡಂ, ಸುಮ್ನೆ ಹಿಂದೆ ಮುಂದೆ ಆಗ್ತಿದೆ. ನೆಟ್‌ವರ್ಕ್ ಗದ್ದಲ."

ಅವರು ಕೈಗಡಿಯಾರ ನೋಡುತ್ತ ತುಟಿ ಅಲ್ಲಾಡಿಸಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಬರಾಬರ್ ಆರು ಸೆಕೆಂಡ್. ಮತ್ತ ಆರು. ಗದ್ದಲ ಅಲ್ರಿ ಇದು. ಗದ್ದಲಕ್ಕ ತಾಳ ಇರಂಗಿಲ್ಲ."

ನಾನು ಎರಡು ವಾರ ಕಣ್ಣು ಕೆಂಪಾಗುವಂತೆ ನೋಡಿದ್ದ ಗ್ರಾಫ್ ಅದು. ಒಮ್ಮೆಯೂ ಎಣಿಸಿರಲಿಲ್ಲ.

ಮಹಾದೇವಿ ಮೇಡಂ ಪಾಠ ಮಾಡುತ್ತಿದ್ದದ್ದು ಸಿಗ್ನಲ್ ಪ್ರೊಸೆಸಿಂಗ್. ಏರಿಳಿಯುವ ಯಾವುದೇ ಅಲೆಯಿಂದ ಬೇಕಾದ್ದನ್ನು ಉಳಿಸಿ ಬೇಡದ್ದನ್ನು ಸೋಸುವ ಗಣಿತ. ನಾನೂ ಓದಿ ಪಾಸಾಗಿ ಮರೆತಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು, ನನ್ನ ನಿಯಮವನ್ನು ನನ್ನಿಂದಲೇ ಓದಿಸಿದರು.

"ನೋಡ್ರಿ, ನೀವು ಒಂದು ಗಳಿಗಿ ಸರದಿ ನೋಡ್ತೀರಿ, ಉದ್ದ ಅನಸ್ತದ, ಎಲ್ಲಾರಿಗೂ ಒಮ್ಮಿಗೇ ಹೊಡೀತೀರಿ. ಎಲ್ಲಾರೂ ಕೂಡೇ ಹಿಂದ ಸರೀತಾರ. ಸರದಿ ಖಾಲಿ. ಎಲ್ಲಾರೂ ಕೂಡೇ ಮತ್ತ ಬರ್ತಾರ. ನೀವೇ ಜೋಕಾಲಿ ತೂಗಾಕತ್ತೀರಿ."

"ಹಾಗಾದ್ರೆ ಏನು ಮಾಡಬೇಕು ಮೇಡಂ?"

"ಮೊದಲ ಸೋಸ್ರಿ. ಈ ಗಳಿಗಿ ಮಾತು ನಂಬಬ್ಯಾಡ್ರಿ. ಹಳೆ ಸರಾಸರಿ ಒಂಬತ್ತು ಪಾಲು, ಹೊಸಾದು ಒಂದು ಪಾಲು ಕೂಡಸ್ರಿ. ಆ ಸರಾಸರಿ ಏರಾಕ ಹತ್ತಿದ್ರ ಆಗ ಅಲ್ಲೊಂದು ಇಲ್ಲೊಂದು ಬೀಳಸ್ರಿ, ಸರದಿ ತುಂಬೂಕಿಂತ ಮೊದಲೇ. ಒಬ್ಬೊಬ್ಬರೇ ಸಾವಕಾಶ ಆಗ್ತಾರ. ಎಲ್ಲಾರೂ ಕೂಡೇ ಆಗಂಗಿಲ್ಲ."

ಹೊಸ ಉಪಾಯವೇನಲ್ಲ ಇದು. ಈ ವಿಷಯದ ಪಂಡಿತರು ಎಂದೋ ಬರೆದಿಟ್ಟದ್ದು. ಆದರೆ ಪುಸ್ತಕದಲ್ಲಿರುವ ಸಂಖ್ಯೆಗಳು ನಮ್ಮ ಗುಡ್ಡಗಳಿಗೆ ಹೊಂದುತ್ತಿರಲಿಲ್ಲ. ಹೆಚ್ಚು ಸೋಸಿದರೆ ಸರಾಸರಿ ನಿಧಾನವಾಗಿ, ನಿಜವಾದ ದಟ್ಟಣೆ ಬಂದದ್ದು ತಡವಾಗಿ ಗೊತ್ತಾಗುತ್ತಿತ್ತು. ಕಡಿಮೆ ಸೋಸಿದರೆ ಮತ್ತೆ ಜೋಕಾಲಿ. ಒಂದು ವಾರ ದಿನವೂ ಸುರಪುರಕ್ಕೆ ಬಸ್ಸಿನಲ್ಲಿ ಹೋದೆ. ಮೇಡಂ ತರಗತಿ ಮುಗಿಸಿ ಬರುತ್ತಿದ್ದರು, ಇಬ್ಬರೂ ಡಬ್ಬಿ ಬಿಚ್ಚಿ ತಿನ್ನುತ್ತ ಸಂಖ್ಯೆ ಬದಲಿಸುತ್ತಿದ್ದೆವು. ಕೊನೆಗೆ ಎರಡು ಸರಾಸರಿ ಇಟ್ಟೆವು. ಒಂದು ಚುರುಕಾದದ್ದು, ಒಂದು ನಿಧಾನದ್ದು. ಎರಡಕ್ಕೂ ತೀರಾ ಅಂತರ ಬಂದರೆ ಚುರುಕಾದದ್ದನ್ನು ನಂಬುವುದು. ಮಳೆ ಬಂದು ದಾರಿ ದಿಢೀರನೆ ಕಿರಿದಾದಾಗ ಅದು ಕೆಲಸಕ್ಕೆ ಬಂತು. ಒಂದು ಶುಕ್ರವಾರ ಆ ಆರು ಸೆಕೆಂಡಿನ ಅಲೆ ಮೆಲ್ಲಗೆ ತಗ್ಗಿ, ಸಣ್ಣ ನಡುಕವಾಗಿ, ಬಹುತೇಕ ಮಾಯವಾಯಿತು. ಮೇಡಂ ಬಹಳ ಹೊತ್ತು ಪರದೆ ನೋಡಿದರು.

"ಹದಿನೆಂಟು ವರ್ಸ ಆತು ಇದನ್ನ ಪಾಠ ಮಾಡಾಕತ್ತು," ಅಂದರು. "ಬೋರ್ಡಿನ ಮ್ಯಾಲ ಬರದೇನಿ, ಅಳಿಸೇನಿ. ಇದು ಖರೇನೇ ನಡಿಯೋದು ಕಣ್ಣಿಲೆ ನೋಡಿದ್ದು ಇವತ್ತ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನನಗೆ ಹುಮ್ಮಸ್ಸು ಬಂದಿತ್ತು. ಒಂದು ವಾರದ ಎಲ್ಲ ಅಂಕಿಗಳನ್ನೂ ಮೇಡಂಗೆ ಕೊಟ್ಟೆ. ಅವರು ಅದನ್ನು ಅಲೆಗಳಾಗಿ ಬಿಡಿಸಿದರು. ಕಲಸಿದ ಬಣ್ಣದಿಂದ ಒಂದೊಂದೇ ಬಣ್ಣವನ್ನು ಬೇರೆ ಮಾಡಿದ ಹಾಗೆ, ಆ ಏರಿಳಿತದೊಳಗೆ ಎಷ್ಟು ತಾಳಗಳಿವೆ ಎಂದು ಪಟ್ಟಿ ಬಂತು. ದಿನಕ್ಕೊಮ್ಮೆ ಬರುವುದು, ಅರ್ಧ ಗಂಟೆಗೊಮ್ಮೆ ಬರುವುದು, ಐದು ನಿಮಿಷಕ್ಕೊಮ್ಮೆ ಬರುವುದು. ಪಟ್ಟಿಯ ಕೆಳಗೆ ಒಂದು ಸಣ್ಣದು: ಎರಡೆರಡು ಸೆಕೆಂಡಿಗೆ ಒಂದು ಪುಟ್ಟ ಗುಂಪು ಪ್ಯಾಕೆಟ್ಟು, ದಿನದಲ್ಲಿ ಒಂದೆರಡು ಗಂಟೆ ಮಾತ್ರ.

"ಇದು ಯಾರದು?" ಕೇಳಿದರು ಮೇಡಂ.

ರಿಜಿಸ್ಟರ್ ನೋಡಿದೆ. ಗೋಗಿ ಕಡೆಯ ಒಂದು ಹಳ್ಳಿ. 'ಬಾಡಿಗೆ ಮನೆ, ಗೃಹ ಸಂಪರ್ಕ' ಎಂದಿತ್ತು. ಕೆಳಗೆ ಫೋನ್ ನಂಬರ್.

"ಯಾವುದೋ ಕ್ಯಾಮೆರಾ ಇರಬೇಕು ಮೇಡಂ. ಇಷ್ಟು ತಾಳಬದ್ಧವಾಗಿ ಮನುಷ್ಯರು ಏನೂ ಕಳಿಸಲ್ಲ."

ಅವರು ತಲೆಯಾಡಿಸಿದರು. ನಾನು ಯಂತ್ರಗಳದ್ದು ಅನ್ನಿಸಿದ ಎಲ್ಲ ತಾಳಗಳನ್ನೂ ಒಂದು ಗುಂಪು ಮಾಡಿ ಸರದಿಯ ಕಟ್ಟಕಡೆಗೆ ಹಾಕಿದೆ. ಉಳಿದವರದೆಲ್ಲ ಹೋದ ಮೇಲೆ ಜಾಗ ಇದ್ದರೆ ಇವು ಹೋಗಲಿ. ಅದನ್ನು ಮಾಡಲು ನನಗೆ ಹಿಡಿದದ್ದು ಐದು ನಿಮಿಷ. ಮರುದಿನ ಇಬ್ಬರು ಗ್ರಾಹಕರು ಫೋನ್ ಮಾಡಿ ಇವತ್ತು ಚಲೋ ನಡದದ ಅಂದರು. ಆ ಊರಿನಲ್ಲಿ ಅದು ಪ್ರಶಸ್ತಿ ಬಂದ ಹಾಗೆ.

ಎಂಟು ಹತ್ತು ದಿನ ಕಳೆದಿರಬಹುದು. ಶಹಾಪುರದ ಕಚೇರಿಗೆ ಒಬ್ಬ ನರ್ಸ್ ಬಂದರು. ನಲವತ್ತರ ಆಸುಪಾಸು, ಬಿಳಿ ಕೋಟು ಮಡಚಿ ಕೈಯಲ್ಲಿ ಹಿಡಿದಿದ್ದರು, ಚಪ್ಪಲಿಗೆಲ್ಲ ಎರೆ ಮೆತ್ತಿತ್ತು.

"ವೀಣಾ ಅನ್ನೋರು ನೀವೇನ್ರಿ?"

"ಹೌದು, ಬನ್ನಿ, ಕೂತ್ಕೊಳ್ಳಿ."

"ಕುಂದ್ರಾಕ ಬಂದಿಲ್ರಿ." ದನಿ ಎಷ್ಟು ಸಣ್ಣದಾಗಿತ್ತೆಂದರೆ ಫ್ಯಾನಿನ ಸದ್ದಿನಲ್ಲಿ ಕಿವಿಗೊಟ್ಟು ಕೇಳಬೇಕಾಯಿತು. ಮೂಲೆಯಲ್ಲಿ ಕೇಬಲ್ ಸುತ್ತುತ್ತಿದ್ದ ಖಾಜಾಸಾಬ್ ಕೈ ನಿಲ್ಲಿಸಿ ನನ್ನನ್ನು ನೋಡಿದರು.

ಅವರ ಹೆಸರು ರೇಣುಕಾ. ಗೋಗಿಯಿಂದ ಆಚೆ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದ ಹೆರಿಗೆ ಕೇಂದ್ರದ ಸಿಸ್ಟರ್. ಅಲ್ಲೊಂದು ಯಂತ್ರವಿತ್ತು. ಬಸುರಿಯ ಹೊಟ್ಟೆಗೆ ಪಟ್ಟಿ ಕಟ್ಟಿದರೆ ಒಳಗಿನ ಕೂಸಿನ ಎದೆಬಡಿತವನ್ನು ಗೆರೆಯಾಗಿ ಬರೆಯುತ್ತಿತ್ತು, ಎರಡೆರಡು ಸೆಕೆಂಡಿಗೆ ಅದನ್ನು ಕಲಬುರಗಿಯಲ್ಲಿದ್ದ ಹೆರಿಗೆ ಡಾಕ್ಟರ ಫೋನಿಗೂ ಕಳಿಸುತ್ತಿತ್ತು. ಹೊಳೆ ತುಂಬಿ ದಾರಿಗಳು ನಂಬುವ ಹಾಗಿಲ್ಲದ ಆ ದಿನಗಳಲ್ಲಿ ಡಾಕ್ಟರರ ಕಣ್ಣು ಆ ಹಳ್ಳಿಗೆ ತಲುಪುತ್ತಿದ್ದದ್ದು ಆ ಗೆರೆಯಿಂದ ಮಾತ್ರ.

ಸಿಸ್ಟರ್ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಯಂತ್ರದಿಂದ ಹೊರಬಂದ ಉದ್ದನೆಯ ಪಟ್ಟಿ. ಇನ್ನೊಂದು ಡಾಕ್ಟರರ ಫೋನಿನ ಪರದೆಯ ಮುದ್ರಿತ ಪ್ರತಿ.

"ಇದು ನಮ್ಮ ಮಷೀನ್ ಬರದದ್ದು. ಮುಂಜಾನಿ ಹತ್ತು ನಲವತ್ತಕ್ಕ. ಇದು ಅದೇ ಹೊತ್ತಿನ್ಯಾಗ ಡಾಕ್ಟರ್ ಸಾಹೇಬ್ರು ನೋಡಿದ್ದು. ಎರಡೂ ಒಂದೇ ಅವನ್ರಿ?"

ಒಂದೇ ಆಗಿರಲಿಲ್ಲ. ಯಂತ್ರದ ಪಟ್ಟಿಯಲ್ಲಿ ಗೆರೆ ಪದೇ ಪದೇ ಕೆಳಗೆ ಕುಸಿದು ತಡವಾಗಿ ಮೇಲೇಳುತ್ತಿತ್ತು. ಡಾಕ್ಟರರ ಪರದೆಯಲ್ಲಿ ಅದು ಹಸನಾಗಿ, ಹೊಲದ ಸಾಲಿನಂತೆ ಸಮವಾಗಿತ್ತು.

ಬಸುರಿಯ ಹೆಸರು ನಿಂಗಮ್ಮ. ಕುರಿ ಸಾಕುವ ಮನೆಯವಳು, ಚೊಚ್ಚಲು. ಬೆಳಿಗ್ಗೆ ನೋವು ಬಂದಿತ್ತು. ಗೆರೆ ಕುಸಿಯತೊಡಗಿದಾಗ ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ತಮ್ಮ ಪರದೆ ನೋಡಿ, ಎಲ್ಲ ಸರಿಯಾಗಿದೆ, ಹೊಟ್ಟೆಗೆ ಕಟ್ಟಿದ ಪಟ್ಟಿ ಜಾರಿರಬೇಕು, ಸರಿಮಾಡಿ ಕಾಯಿರಿ ಅಂದರು. ಅವರು ನೋಡುತ್ತಿದ್ದದ್ದು ಇಪ್ಪತ್ತು ನಿಮಿಷ ಹಿಂದಿನ ಎದೆಬಡಿತ. ನಾನು ಕಡೆಗೆ ನಿಲ್ಲಿಸಿದ್ದ ಸರದಿಯಲ್ಲಿ ಆ ಗೆರೆ ಬಿದ್ದುಹೋಗಿರಲಿಲ್ಲ. ಕಾದು ಕಾದು, ಒಂದು ಚೂರೂ ಕೆಡದೆ, ತಡವಾಗಿ ತಲುಪಿತ್ತು. ಬಂದೇ ಇರದಿದ್ದರೆ ಡಾಕ್ಟರಿಗೆ ಅನುಮಾನವಾದರೂ ಬರುತ್ತಿತ್ತು.

"ಆಮೇಲೆ?" ಕೇಳಿದೆ.

"ನಾನು ಪಟ್ಟಿ ತಗದು ಒಗದೆ. ಹೊಟ್ಟಿಗೆ ಕೊಳವಿ ಹಚ್ಚಿ ಕಿವಿಲೆ ಕೇಳಿದೆ, ಗಡಿಯಾರ ಹಿಡಕೊಂಡು. ಕೂಸು ಸೋಲಾಕತ್ತಿತ್ತು. ಡಾಕ್ಟರ್ ಸಾಹೇಬ್ರು ಕಾಯ್ರಿ ಅಂದಾರ, ನನ್ನ ಕಿವಿ ನಡೀ ಅಂತದ. ಹದಿನಾರು ವರ್ಸ ಆತು ಈ ಕೆಲಸಕ್ಕ, ಯಾವತ್ತೂ ಅವರ ಮಾತು ಮೀರಿದಾಕಿ ಅಲ್ಲ. ಅವತ್ತ ಮೀರಿದೆ. ಜೀಪಿನ್ಯಾಗ ಹಾಕ್ಕೊಂಡು ಶಹಾಪುರಕ್ಕ ತಂದೆ. ಆಪರೇಷನ್ ಆತು."

"ಕೂಸು?"

"ಜಲ್ದಿ ಅಳ್ಲಿಲ್ಲ. ಬೆನ್ನು ತಿಕ್ಕಿ, ಗಾಳಿ ಕೊಟ್ಟು... ಆಮ್ಯಾಲ ಅಳ್ತು. ಬದುಕ್ಯಾದ." ಅಲ್ಲಿಯವರೆಗೆ ನಿಂತೇ ಇದ್ದವರು ಮೇಜಿನ ಅಂಚು ಹಿಡಿದರು. "ಆದ್ರ ನನಗೊಂದು ತಿಳೀಬೇಕ್ರಿ. ಇದು ಮಳಿಗೆ ಆತೋ, ಮಷೀನಿಗೆ ಆತೋ? ನಾಳೆ ಮತ್ತೊಬ್ಬಾಕಿ ಬರ್ತಾಳ. ನಾ ಯಾವುದನ್ನ ನಂಬಲಿ?"

ಮಳೆ ಎಂದು ಹೇಳಬಹುದಿತ್ತು. ಆ ದಿನ ಮಳೆಯೂ ಬಂದಿತ್ತು. ಕೇಳಿದವರು ನಂಬುತ್ತಿದ್ದರು, ಬೆಂಗಳೂರಿನಲ್ಲೂ ನಂಬುತ್ತಿದ್ದರು. ನನ್ನ ನಿಯಮವನ್ನು ಓದಿ ಅರ್ಥಮಾಡಿಕೊಳ್ಳುವವರು ಆ ಜಿಲ್ಲೆಯಲ್ಲಿ ಇಬ್ಬರೇ ಇದ್ದರು. ಖಾಜಾಸಾಬ್ ಎದ್ದು ಬಂದು ಸಿಸ್ಟರ್ ಹಿಂದೆ ಕುರ್ಚಿ ಇಟ್ಟು ಹೋದರು.

"ಮಳೆ ಅಲ್ಲ ಸಿಸ್ಟರ್," ಅಂದೆ. "ನಾನು. ನಿಮ್ಮದು ಯಾವುದೋ ಕ್ಯಾಮೆರಾ ಅಂದ್ಕೊಂಡು ಎಲ್ಲದಕ್ಕಿಂತ ಹಿಂದೆ ಹಾಕಿದ್ದೆ."

ಅವರು ಕುರ್ಚಿಯಲ್ಲಿ ಕೂತರು. "ನಮ್ಮ ನಂಬರ್ ನಿಮ್ಮ ಹಂತ್ಯಾಕ ಅದ ಏನ್ರಿ?"

"ಇದೆ."

"ಒಂದು ಫೋನ್ ಮಾಡಿ ಕೇಳಬೇಕಿತ್ತು."

ಅಷ್ಟೇ ಅಂದರು. ಅವರ ಎದುರಿಗೇ ಆ ನಿಯಮವನ್ನು ಅಳಿಸಿದೆ. ಅವರು ಹೋದ ಮೇಲೆ ಮಹಾದೇವಿ ಮೇಡಂಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ.

"ನೀವೊಬ್ರೇ ಅಲ್ರಿ," ಅಂದರು ಮೇಡಂ. "ಯಾರದು ಅಂತ ಕೇಳಿದಾಕಿ ನಾನು. ಉತ್ತರ ಬರಲಿಲ್ಲ, ನಾನೂ ಬಿಟ್ಟುಬಿಟ್ಟೆ. ಎಷ್ಟೊತ್ತಿಗೊಮ್ಮೆ ಬರತದ ಅನ್ನೋದು ಗಣಿತ ಹೇಳತದ. ಯಾಕ ಬರತದ ಅನ್ನೋದು ಹೇಳಂಗಿಲ್ಲ. ಇದನ್ನ ನಾ ಒಂದು ದಿನಾನೂ ತರಗತಿಯೊಳಗ ಹೇಳಿಲ್ಲ ನೋಡ್ರಿ."

ಮುಂದಿನ ಹತ್ತು ದಿನ ಖಾಜಾಸಾಬರ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಪಟ್ಟಿಯಲ್ಲಿದ್ದ ಒಂದೊಂದು ತಾಳದ ಮನೆಗೂ ಹೋದೆ. ತೊಗರಿ ಹೊಲಗಳ ನಡುವಿನ ದಾರಿ, ಗಾಲಿಗೆ ಎರೆ ಮೆತ್ತಿ ಗಾಡಿ ನಿಂತುಬಿಡುತ್ತಿತ್ತು. ಇಳಿದು ಕಡ್ಡಿಯಿಂದ ಕೆರೆದು ಮತ್ತೆ ಹತ್ತುವುದು. ಶಹಾಪುರದ ಒಬ್ಬ ಗೊಬ್ಬರದಂಗಡಿಯವರ ಕ್ಯಾಮೆರಾ ಇಡೀ ದಿನ ಯಾರೂ ನೋಡದ ಗೋದಾಮನ್ನು ಕಳಿಸುತ್ತಿತ್ತು. ಕೇಳಿದರೆ ಅವರು ನಕ್ಕರು: "ಕಳ್ಳರು ಅಂಜಲಿ ಅಂತ ಇಟ್ಟೇನ್ರಿ, ನಾ ಏನ್ ನೋಡಂಗಿಲ್ಲ. ನಮ್ಮದು ಕಡೀಕ ಕಳಸ್ರಿ." ಅರ್ಧ ಗಂಟೆಗೊಮ್ಮೆ ಬರುತ್ತಿದ್ದದ್ದು ಒಂದು ಹತ್ತಿ ಗಿರಣಿಯ ತೂಕದ ಯಂತ್ರ. ಸುರಪುರದ ಒಂದು ಓಣಿಯಿಂದ ಐದೈದು ನಿಮಿಷಕ್ಕೆ ಬರುತ್ತಿದ್ದದ್ದು ಮಾತ್ರ ಬೇರೆ. ಉಸಿರಾಟದ ಯಂತ್ರ ಹಾಕಿಕೊಂಡು ಮಲಗಿದ್ದ ಒಬ್ಬ ನಿವೃತ್ತ ಮಾಸ್ತರರದು. ಅದರ ಅಳತೆ ಹೈದರಾಬಾದಿನಲ್ಲಿದ್ದ ಮಗಳಿಗೆ ಹೋಗುತ್ತಿತ್ತು. ಅದನ್ನೂ ನಾನು ಗೊಬ್ಬರದಂಗಡಿಯ ಜೊತೆಗೇ ನಿಲ್ಲಿಸಿದ್ದೆ. ಅಲ್ಲಿ ಏನೂ ಆಗಿರಲಿಲ್ಲ. ಆಗಿರಲಿಲ್ಲ ಎಂಬುದು ನನ್ನ ಜಾಣತನದಿಂದಲ್ಲ.

ರೇಣುಕಾ ಸಿಸ್ಟರ್ ಒಂದು ದಿನ ನನ್ನನ್ನು ನಿಂಗಮ್ಮನ ಮನೆಗೂ ಕರೆದುಕೊಂಡು ಹೋದರು. ಕೂಸು ನೋಡಲು ಅವರು ಹೊರಟಿದ್ದರು, ನಾನೇ ಬರುತ್ತೇನೆ ಅಂದಿದ್ದೆ. ಬಾಗಿಲ ಮುಂದೆ ಕುರಿಮರಿಗಳು, ಒಳಗೆ ಕಂಬಳಿಯ ಮೇಲೆ ಬಾಣಂತಿ. ಅತ್ತೆ ನನ್ನನ್ನು ನೋಡಿ, "ಇವರು ಯಾರ್ ಬೇ?" ಅಂದರು.

"ಇಂಟರ್ನೆಟ್ ಆಫೀಸಿನೋರು," ಅಂದರು ಸಿಸ್ಟರ್.

"ಯವ್ವಾ, ಅಷ್ಟು ದೂರಿಂದ ಬಂದಾರ, ರೊಟ್ಟಿ ಉಂಡು ಹೋಗ್ಲಿ." ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿ ಒಲೆಯ ಕಡೆ ಹೋದರು. ಹೆಣ್ಣುಕೂಸು. ಮುಷ್ಟಿ ಬಿಗಿಹಿಡಿದು ಮಲಗಿತ್ತು. ತಪ್ಪು ನನ್ನದೆಂದು ಹೇಳಲು ಹೋಗಿದ್ದೆ, ಹೇಳಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಹಿಂಡಿ ತಿಂದು ಎದ್ದು ಬಂದೆ.

ಆಟೋ ಕಾಯುತ್ತ ನಿಂತಾಗ, "ನಾನು ಹೇಳಬೇಕಿತ್ತು ಸಿಸ್ಟರ್," ಅಂದೆ.

ಅವರು ರಸ್ತೆ ನೋಡುತ್ತಲೇ ಹೇಳಿದರು: "ಹೇಳಿದ್ರ ನಿಮ್ಮ ಮನಸ್ಸು ಹಗುರ ಆಗ್ತಿತ್ತು. ಅವರದೇನ್ ಆಗ್ತಿತ್ತು? ಇನ್ನ ಆ ಹುಡುಗಿ ಹೊಲಿಗೆ ಬಿಚ್ಚಿಲ್ಲ. ನೀವು ಸ್ವಲ್ಪ ದಿನ ಹೊತಗೊಂಡು ತಿರಗ್ರಿ."

ಆ ಮಾತು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಹೇಳಿ ಬೈಸಿಕೊಳ್ಳುವುದು ಪ್ರಾಮಾಣಿಕತೆ ಎಂದುಕೊಂಡಿದ್ದೆ. ಅದರಲ್ಲಿ ಎಷ್ಟು ಪಾಲು ನನ್ನ ಹಗುರಕ್ಕಾಗಿತ್ತು ಎಂದು ಆವತ್ತು ಮೊದಲ ಬಾರಿ ಯೋಚಿಸಿದೆ.

ಸೆಪ್ಟೆಂಬರಿನ ಕೊನೆಯ ಹೊತ್ತಿಗೆ ಮೇಡಂ ಮತ್ತು ನಾನು ಎಲ್ಲವನ್ನೂ ಮತ್ತೆ ಕಟ್ಟಿದೆವು. ಎರಡು ಸರಾಸರಿ, ಮುಂಚೆಯೇ ಅಲ್ಲೊಂದು ಇಲ್ಲೊಂದು ಬೀಳಿಸುವುದು, ಅದು ಹಾಗೇ ಉಳಿಯಿತು. ಹೆರಿಗೆ ಕೇಂದ್ರಕ್ಕೂ ಮಾಸ್ತರರ ಮನೆಗೂ ಮಾತ್ರ ಒಂದು ಸಣ್ಣ ಕಾಲುದಾರಿ, ಸರದಿಯಲ್ಲಿ ನಿಲ್ಲದೆ ಹೋಗುವುದು. ಅವರಿಬ್ಬರದೂ ಸೇರಿ ಎಷ್ಟು ಕಡಿಮೆ ಜಾಗ ಬೇಕಿತ್ತೆಂದರೆ ಬೇರೆ ಯಾರಿಗೂ ಗೊತ್ತೇ ಆಗಲಿಲ್ಲ. ಇನ್ನೊಂದು ಕೆಲಸ ಸಿಸ್ಟರ್ ಮಾಡಿಸಿದರು. ಯಂತ್ರದ ಕಂಪನಿಯವರ ಬೆನ್ನುಬಿದ್ದು, ಡಾಕ್ಟರರ ಪರದೆಯಲ್ಲಿ ಗೆರೆಯ ಪಕ್ಕ ಅದು ಯಾವ ನಿಮಿಷದ್ದು ಎಂದು ದಪ್ಪ ಅಕ್ಷರದಲ್ಲಿ ಕಾಣುವ ಹಾಗೆ ಮಾಡಿಸಿದರು. ಫೋನಿನಲ್ಲಿ ಆ ಕಂಪನಿಯವರ ಹತ್ತಿರ ಎಷ್ಟು ಮೆಲ್ಲಗೆ ಮಾತಾಡಿದರೋ!

ಬೆಳೆವಿಮೆ ಅರ್ಜಿಗೆ ಕೊನೆಯ ದಿನ ಬಂತು. ಅದೇ ದಿನ ಮಧ್ಯಾಹ್ನ ಗುಡ್ಡಗಳ ಮೇಲೆ ಬಿರುಮಳೆ. ರೇಡಿಯೊ ದಾರಿ ಮೂರನೆಯ ಒಂದು ಪಾಲಿಗೆ ಇಳಿಯಿತು. ಶಹಾಪುರದ ಕಂಪ್ಯೂಟರ್ ಸೆಂಟರುಗಳ ಮುಂದೆ ರೈತರು ಗೋಣಿಚೀಲ ತಲೆಗೆ ಹಾಕಿಕೊಂಡು ನಿಂತಿದ್ದರು. ನಾನು ಪರದೆ ನೋಡುತ್ತಿದ್ದೆ, ಸುರಪುರದಲ್ಲಿ ಮೇಡಂ ತಮ್ಮ ವಿದ್ಯಾರ್ಥಿನಿಯರನ್ನು ಕರೆದು ಕೂರಿಸಿಕೊಂಡು ಅಂಥದೇ ಪರದೆ ನೋಡುತ್ತಿದ್ದರು. ಗೆರೆ ಏರಿತು. ಚುರುಕು ಸರಾಸರಿ ಮೊದಲು ಎದ್ದಿತು, ಅಲ್ಲೊಂದು ಇಲ್ಲೊಂದು ಬಿದ್ದವು, ಗೆರೆ ಅರ್ಧದಲ್ಲಿ ನಿಂತು ಅಲ್ಲೇ ಸಾಗಿತು. ಅರ್ಜಿಗಳು ನಿಧಾನವಾಗಿ, ಆದರೆ ನಿಲ್ಲದೆ ಹೋದವು. ನಾಲ್ಕು ಗಂಟೆಗೆ ಸಿಸ್ಟರ್ ಫೋನ್ ಮಾಡಿದರು.

"ಇಲ್ಲೊಬ್ಬಾಕಿ ಬಂದಾಳ್ರಿ. ಡಾಕ್ಟರ್ ಸಾಹೇಬ್ರೂ ನೋಡಾಕತ್ತಾರ. ನಿಮಿಷಕ್ಕ ನಿಮಿಷ ಕೂಡತದ." ಫೋನ್ ಇಟ್ಟುಬಿಟ್ಟರು.

ನವೆಂಬರಿನಲ್ಲಿ ಸೇತುವೆಯ ಮೇಲೆ ಹೊಸ ಕೊಳವೆ ಬಂತು. ಫೈಬರ್ ಜೋಡಿಸಿದ ದಿನ ಖಾಜಾಸಾಬ್ ಎಲ್ಲರಿಗೂ ಜಿಲೇಬಿ ಹಂಚಿದರು. ಮಹಾದೇವಿ ಮೇಡಂ ಆ ವರ್ಷದ ಅಂಕಿಗಳನ್ನೆಲ್ಲ ಪಾಠಕ್ಕೆಂದು ಇಟ್ಟುಕೊಂಡರು. ಮೊದಲ ಪಾಠದಲ್ಲೇ ಆ ಎರಡು ಕಾಗದಗಳ ಕಥೆ ಹೇಳುತ್ತೇನೆ ಅಂದರು, ತಪ್ಪಿನಲ್ಲಿ ತಮ್ಮ ಪಾಲನ್ನೂ ಬಿಡದೆ. ಬೆಂಗಳೂರಿನಿಂದ ನನಗೆ ಸೂಚನೆ ಬಂತು: ತಾತ್ಕಾಲಿಕ ನಿಯಮಗಳನ್ನೆಲ್ಲ ತೆಗೆದುಹಾಕಿ, ಮೊದಲಿನ ಹಾಗೆ ಮಾಡಿ ವರದಿ ಕೊಡು. ಒಂದೊಂದೇ ತೆಗೆದೆ. ನಾವು ಊಟದ ಡಬ್ಬಿಗಳ ನಡುವೆ ಹುಡುಕಿದ ಸಂಖ್ಯೆಗಳು ಹೋದವು, ಎರಡು ಸರಾಸರಿಗಳೂ ಹೋದವು. ಯಾರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಅಗಲದ ದಾರಿಯಲ್ಲಿ ಅವು ಬೇಕಿರಲಿಲ್ಲ.

ಮರುದಿನ ಮೇಲಧಿಕಾರಿಯ ಫೋನ್.

"ವೀಣಾ, ಒಂದು ನಿಯಮ ಉಳ್ಕೊಂಡಿದೆಯಲ್ಲ?"

"ಬೇಕಂತಲೇ ಬಿಟ್ಟಿದೀನಿ ಸರ್."

"ದಾರಿ ಖಾಲಿ ಬಿದ್ದಿದೆ. ಈಗ ಯಾರನ್ನ ಮೊದಲು ಕಳಿಸಬೇಕು ಅನ್ನೋ ಪ್ರಶ್ನೆ ಎಲ್ಲಿದೆ?"

"ಮತ್ತೆ ಕಿರಿದಾದಾಗ ಬರುತ್ತೆ ಸರ್. ಆಗ ಇಲ್ಲಿ ನಾನಿರಲ್ಲ."

ಅವರು ಆ ನಿಯಮದ ಸಾಲಿನ ಮೇಲೆ ನಾನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿಟ್ಟಿದ್ದ ಕನ್ನಡ ಟಿಪ್ಪಣಿಯನ್ನು ತಡವರಿಸುತ್ತ ಓದಿದರು. "ಇದನ್ನು ತೆಗೆಯುವ ಮೊದಲು ಈ ನಂಬರಿಗೆ ಫೋನ್ ಮಾಡಿ ರೇಣುಕಾ ಸಿಸ್ಟರ್ ಅವರನ್ನು ಕೇಳಿ... ಇದೇನಮ್ಮಾ ಇದು?"

"ಕೇಳಿ ಸರ್," ಅಂದೆ.

ಬೇಸರದಲ್ಲಿ ಫೋನ್ ಇಟ್ಟರು. ನಾನು ರಾಜೀನಾಮೆ ಪತ್ರದ ಮೊದಲ ಸಾಲಿನ ಬಗ್ಗೆ ಯೋಚಿಸತೊಡಗಿದ್ದೆ. ಅರ್ಧ ಗಂಟೆ ಬಿಟ್ಟು ಮತ್ತೆ ಅವರದೇ ಫೋನ್.

"ಮಾಡಿದೆ," ಅಂದರು.

"ಏನಂದ್ರು ಸರ್?"

"'ಹೆರಿಗಿ ನಡದದ, ಈಗ ಪುರಸತ್ತಿಲ್ಲ, ಗೆರಿ ಚಲೋ ಬರಾಕತ್ತದ, ಏನೂ ಮುಟ್ಟಬ್ಯಾಡ್ರಿ' ಅಂದ್ರು. ಹಿಂದೆ ಒಂದು ಮಗು ಅಳೋದು ಕೇಳಿಸ್ತು. ಆ ಸಾಲು ಇರಲಿ ಬಿಡು."